ಯಾರಿಗೆ ಈ ಕೌದಿ

ಅಕ್ಟೋಬರ್ 17, ಗುರುವಾರ

ಅಂಚಿನ ಪಟ್ಟಿಗೆ ಬಟ್ಟೆ ತರುವುದನ್ನೇ ಮರೆತೆ! ಗೆಳತಿ ಆರ್ಡಿಸ್‌ಳ ಕಾರಿನಲ್ಲಿ ದೂರದ ಮಿಸೌರಿಯ ಆ ದೊಡ್ಡ ಕೌದಿ ಅಂಗಡಿಯವರೆಗೆ ಹೋಗಿಯೂ ಮರೆತೆ.

ನೀಲಿ ಬಟ್ಟೆಗೇ ಅಲ್ಲಿ ಒಂದು ಕೋಣೆ. "ಸ್ವರ್ಗ ಕಣೇ! ಸತ್ತರೆ ಇಲ್ಲೇ ಮಲಗಿಸ್ಬಿಡು," ಅಂದಳು ಆರ್ಡಿಸ್. ಬಟ್ಟೆ ಕತ್ತರಿಸುವವಳು "ಎಷ್ಟು ಗಜ?" ಎಂದಷ್ಟೇ ಕೇಳಿದಳು. ನನಗೆ ಬೇಕಾಗಿದ್ದೂ ಅಷ್ಟೇ.

ನಮ್ಮೂರಿನ ವರ್ಲಾ ಹಾಗೆ ಬಿಡುವವಳಲ್ಲ. ಅವಳ ಪುಟ್ಟ ಅಂಗಡಿಯಲ್ಲಿ ಕತ್ತರಿ ಎತ್ತುವ ಮೊದಲೇ "ಯಾರಿಗೇ ಈ ಕೌದಿ?" ಎಂದು ಅವಳು ಕೇಳಲೇಬೇಕು. ಮದುವೆಗೋ ಮಗುವಿಗೋ ಎಂದರೆ ಒಂದು ತುಂಡು ಹೆಚ್ಚೇ ಕೊಡುತ್ತಾಳೆ. ನಾನು ಏನೆನ್ನಲಿ? ನನ್ನ ಗಂಡ ಗ್ಲೆನ್‌ಗೆ ಮರೆವಿನ ಕಾಯಿಲೆ, ಮುಂದಿನ ವಾರ ಅವನನ್ನು ಆರೈಕೆ ಮನೆಗೆ ಸೇರಿಸುತ್ತೇನೆ, ಅಲ್ಲಿಗೆ ಒಯ್ಯುವ ಕೌದಿಯ ಮೂಲೆಯಲ್ಲಿ ಅವನ ಹೆಸರು ಹೊಲಿದಿರಬೇಕಂತೆ. ಇದನ್ನು ಬಾಯಿಬಿಟ್ಟು ಹೇಳಲಾರದೆ ಅಷ್ಟು ದೂರ ಓಡಿದ್ದು.

ಸಂಜೆ ಬಟ್ಟೆಗಳನ್ನು ಮೇಜಿನ ಮೇಲೆ ಹರಡಿದ್ದೆ. ಗ್ಲೆನ್ ಬಂದು ನೀಲಿಯ ಮೇಲೆ ಮೆಲ್ಲಗೆ ಕೈಯಾಡಿಸಿದ.

"ಚೆನ್ನಾಗಿದೆ. ಯಾರಿಗೆ ಹೊಲೀತಿದೀರಿ?"

"ನನ್ನ ಗಂಡನಿಗೆ," ಎಂದೆ.

"ಪುಣ್ಯ ಮಾಡಿದಾರೆ ಬಿಡಿ," ಎಂದ.

ಅಂಚಿನ ಬಟ್ಟೆಗೆ ನಾಳೆ ವರ್ಲಾ ಅಂಗಡಿಗೇ ಹೋಗುತ್ತೇನೆ. ಅವಳು ಕೇಳಲಿ.