ಹದಿನೇಳಕ್ಕೆ ನಿಂತ ಬಂಗಾರದ ಗಡಿಯಾರ

ಅಬ್ಬಾಜಾನ್,

ನೀವು ತೀರಿಕೊಂಡ ಮೇಲೆ ಬಾಗಲಕೋಟೆಯ ನಿಮ್ಮ ಗಡಿಯಾರದ ಅಂಗಡಿಯಲ್ಲಿ ನಾನೇ ಕೂರುತ್ತೇನೆ. ಇವತ್ತು ಇಳಕಲ್ಲಿನಿಂದ ತಾಯವ್ವ ಎಂಬ ಅಜ್ಜಿ ತಮ್ಮ ಗಂಡನ ಹಳೆಯ ಬಂಗಾರದ ಕೈಗಡಿಯಾರ ತಂದಿದ್ದರು. ಅದರ ತಾರೀಖು ಹದಿನೇಳಕ್ಕೇ ನಿಂತುಬಿಟ್ಟಿತ್ತು.

"ಎಲ್ಲಾರೂ ಕರಗಿಸಿ ಬಳಿ ಮಾಡಿಸ್ಕೋ ಅಂತಾರವಾ. ನೀ ಒಮ್ಮಿ ನೋಡು," ಎಂದರು.

ಹಿಂದಿನ ಮುಚ್ಚಳ ತೆಗೆದೆ. ಒಳಗೆ ಆ ಸ್ವಿಸ್ ಮನೆತನದ ಮುದ್ರೆಯಿತ್ತು. ಅಪ್ಪ ಮಗನಿಗೆ ಕಲಿಸುತ್ತ ನಾಲ್ಕು ತಲೆಮಾರು ಗಡಿಯಾರ ಮಾಡಿದವರೆಂದು ನೀವು ಗಿರಾಕಿಗಳಿಗೆ ಹೇಳುತ್ತಿದ್ದಿರಲ್ಲ, ಅದೇ ಮನೆತನ. ಅದರ ಕೆಳಗೆ, ರಿಪೇರಿಯ ಗುರುತಿಗೆ ನೀವು ಸೂಜಿಯಿಂದ ಗೀಚಿದ್ದಿರಿ: ಬಾಬುಸಾಬ, ೧೯೮೮.

ಡಯಲ್ ಬಿಚ್ಚಿದರೆ ತಾರೀಖಿನ ಗಾಲಿಯ ಸಣ್ಣ ಸ್ಪ್ರಿಂಗ್ ಜಾರಿತ್ತು. ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಮುಳ್ಳು ತಿರುಗಿಸಿ ರಾತ್ರಿಯ ಹನ್ನೆರಡು ದಾಟಿಸಿದಾಗ ತಾರೀಖು ಹದಿನೆಂಟು ಬಂತು. ತಾಯವ್ವ ನಂಬದೆ ಮತ್ತೆ ತಿರುಗಿಸಲು ಹೇಳಿ, ಹತ್ತೊಂಬತ್ತನ್ನೂ ನೋಡಿ ನಕ್ಕರು. ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರು ಗೀಚಿ ಮುಚ್ಚಳ ಹಾಕಿದೆ.

"ನಿಮ್ಮಪ್ಪ ಭಾಳ ಚಂದ ಕಲಿಸ್ಯಾರ ನೋಡವಾ," ಎಂದರು.

ಹೆಣ್ಣುಮಕ್ಕಳ ಕೆಲಸವಲ್ಲವೆಂದು ನೀವು ಚಿಮಟವನ್ನೂ ಮುಟ್ಟಗೊಡಲಿಲ್ಲ. ನೀವು ನಮಾಜಿಗೆ ಹೋದಾಗಲೆಲ್ಲ ಕದ್ದು ಬಿಚ್ಚಿ, ಜೋಡಿಸಿ ಕಲಿತೆ.

"ಹೌದ್ರಿ, ಅವ್ರೇ ಕಲಿಸಿದ್ರು," ಅಂದೆ.

ನಿಮ್ಮ ಅಫ್ಸಾನಾ