ಕಾರಭಾರಿ ಹತ್ತು ಕೊಳ್ಳಬೇಕೋ ಬೇಡವೋ

ಫೆಬ್ರವರಿ 30, 2118
ಗಾಳಿಕಂಬದ ಓಣಿ, ಗದಗ

ಮುತ್ತಜ್ಜ ಚನ್ನವೀರಪ್ಪನವರಿಗೆ, ನೀವು ಕಾಣದ ಮರಿಮಗಳು ನೀಲಗಂಗಾ ತೊಂಬತ್ತು ವರ್ಷದಷ್ಟು ದೂರದಿಂದ ಬಾಗಿ ಮಾಡುವ ನಮಸ್ಕಾರ.

ಮೇಲಿನ ತಾರೀಕು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ವರ್ಷ ಸರಿಯಾಗಿಯೇ ಇದೆ, ದಿನ ಮಾತ್ರ ನಮ್ಮ ಓಣಿಯ ಕರ್ಮ. ಓಣಿಯನ್ನು ನಡೆಸುವ ಯಂತ್ರಕ್ಕೆ ಫೆಬ್ರವರಿ ಎಂದರೆ ಮೂವತ್ತು ದಿನ ಎಂದು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಹನ್ನೆರಡು ವರ್ಷ ತಿದ್ದಿ ತಿದ್ದಿ ಸಾಕಾಗಿ, ಈಗ ನಾವೇ ಅದರ ಪ್ರಕಾರ ಬದುಕುತ್ತಿದ್ದೇವೆ. ಪಕ್ಕದ ಓಣಿಯಲ್ಲಿ ಇವತ್ತು ಮಾರ್ಚ್ ಎರಡು. ಅಲ್ಲಿಯ ಮದುವೆಗೆ ನಾವು ಹೊಸ ಸೀರೆ ಉಟ್ಟು ಹೋಗುವಷ್ಟರಲ್ಲಿ ಚಪ್ಪರ ಬಿಚ್ಚಿರುತ್ತಾರೆ. ಮಾರ್ಚ್ ಮುಗಿಯುವ ಹೊತ್ತಿಗೆ ಅದು ತಾನಾಗಿ ಸರಿಹೋಗುತ್ತದೆ, ಹೇಗೆ ಎಂದು ಕೇಳಬೇಡಿ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನ್ನಿಸಿದರೆ ಅದಕ್ಕೂ ಕ್ಷಮೆ ಇರಲಿ. ತಿಳಿಯದ್ದನ್ನು ಆಯಾ ಜಾಗದಲ್ಲೇ ಬಿಡಿಸಿ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಹಿಂಟಪಾಲು ಎಂಬ ಸೌಕರ್ಯವಿದೆ. ಗತಿಸಿದ ಹಿರಿಯರಿಗೆ, ಅವರು ಬದುಕಿದ್ದ ಕಾಲಕ್ಕೇ ಪತ್ರ ಕಳಿಸಬಹುದು. ಆದರೆ ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ, ಉತ್ತರ ಬರುವುದಿಲ್ಲ. ಬುದ್ಧಿಯಿದ್ದವರು ಅದನ್ನು ನೆರೆಯ ಬಗ್ಗೆ, ಬೆಂಕಿಯ ಬಗ್ಗೆ ಎಚ್ಚರಿಸಲು ಬಳಸುತ್ತಾರೆ. ನಾನು ಐವತ್ತೆಂಟು ವರ್ಷ ಜೋಪಾನ ಮಾಡಿಟ್ಟ ಪತ್ರವನ್ನು ಒಂದು ಸಾಫ್ಟ್‌ವೇರಿನ ಹೊಸ ವರ್ಷನ್ನಿನ ಸಲುವಾಗಿ ಹಾಳು ಮಾಡುತ್ತಿದ್ದೇನೆ. ನನ್ನ ಹಣೆಬರಹ. ಆದರೆ ಈ ವಿಷಯ ಬರೆಯುವುದಾದರೆ ನಿಮಗೇ ಬರೆಯಬೇಕು. ಸ್ಟೇಶನ್ ರೋಡಿನಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ನಿಮ್ಮ ಅಂಗಡಿಯಿಂದಲೇ ನಮ್ಮ ಮನೆತನಕ್ಕೆ ಮೊಬೈಲದ ಎಂಬ ಅಡ್ಡಹೆಸರು ಅಂಟಿತು, ಬೆಲ್ಲ ಮಾರಿದವರು ಬೆಲ್ಲದ ಆದಂತೆ. ಹೊಸ ವರ್ಷನ್ ಹಾಕಿಸಲೋ, ಹಳೆಯದೇ ಇರಲೋ ಎಂದು ದಿನಕ್ಕೆ ಇಪ್ಪತ್ತು ಮಂದಿ ಬಂದು ನಿಮ್ಮ ತಲೆ ತಿನ್ನುತ್ತಿದ್ದರಂತೆ. ಆ ಸಂಕಟ ನನಗೀಗ ಚೆನ್ನಾಗಿ ಅರ್ಥವಾಗಿದೆ.

ನೀವು ಆಪರೇಟಿಂಗ್ ಸಿಸ್ಟಮ್ ಅನ್ನುವುದಕ್ಕೆ ನಾವು ಕಾರಭಾರಿ ಅನ್ನುತ್ತೇವೆ. ನಿಮ್ಮಲ್ಲಿ ಅದು ಒಂದು ಪೆಟ್ಟಿಗೆಯೊಳಗೆ ಇರುತ್ತದೆ, ನಮ್ಮಲ್ಲಿ ಇಡೀ ಓಣಿಯ ತುಂಬ ಇದೆ. ಹನ್ನೊಂದು ಮನೆಗೆ ಒಬ್ಬನೇ ಕಾರಭಾರಿ. ನಲ್ಲಿಗೆ ನೀರು ಬಿಡುವವನು, ಬಾಗಿಲು ತೆಗೆಯುವವನು, ದೀಪ ಹಚ್ಚುವವನು, ರೊಟ್ಟಿಯ ಹಂಚು ಕಾಯಿಸುವವನು, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವವನು ಎಲ್ಲಾ ಅವನೇ. ಪ್ರತಿ ಗೋಡೆಯಲ್ಲೂ ಅಂಗೈಯಗಲದ ಒಂದು ಜಾಳಿಗೆ ಇರುತ್ತದೆ, ಅದಕ್ಕೆ ಗೋಡೆಗಿವಿ ಎಂದು ಹೆಸರು. ಅದರ ಮುಂದೆ ಮಾತಾಡಿದರೆ ಕೆಲಸ ಆಗುತ್ತದೆ. ಆಗಬೇಕು. ನಮ್ಮಲ್ಲಿರುವುದು ಕಾರಭಾರಿ ಒಂಬತ್ತು, ಮುದುಕ. ಮಂಗಳವಾರ ಮಧ್ಯಾಹ್ನ ಸುಮ್ಮನೆ ನಿಂತುಬಿಡುತ್ತಾನೆ, ನಾವೆಲ್ಲ ಹೊರಗೆ ಕಟ್ಟೆಗೆ ಬಂದು ಶೇಂಗಾ ಸುಲಿಯುತ್ತಾ ಕೂಡುತ್ತೇವೆ. ಒಬ್ಬರು ಹಂಚು ಕಾಯಿಸು ಅಂದರೆ ಒಮ್ಮೊಮ್ಮೆ ಹನ್ನೊಂದು ಮನೆಯ ಹಂಚೂ ಕಾಯುತ್ತವೆ. ಅವನನ್ನು ನೋಡಿಕೊಳ್ಳುವ ಕೆಲಸ ನನ್ನದು, ಅಂದರೆ ಅವನ ಪರವಾಗಿ ಬೈಸಿಕೊಳ್ಳುವ ಕೆಲಸ.

ಕಳೆದ ಶ್ರಾವಣದಲ್ಲಿ ಕಂಪನಿಯವರು ಕಾರಭಾರಿ ಹತ್ತು ಬಂದಿದೆ ಎಂದರು. ಬೆಲೆ, ನಮ್ಮ ಓಣಿಯ ಗಾಳಿಕಂಬದ ಎರಡು ವರ್ಷದ ಗಾಳಿ, ಅಂದರೆ ಅದು ತಿರುಗಿ ಕೊಡುವ ಕರೆಂಟು. ಅಂದಿನಿಂದ ಈ ತಿಂಗಳ ಮಧ್ಯದವರೆಗೆ ಹದಿನಾಲ್ಕು ಸಭೆ ಆದವು. ಹದಿನಾಲ್ಕು! ನಿವೃತ್ತ ಮಾಸ್ತರ ಕಳಕಪ್ಪ ಉಳ್ಳಾಗಡ್ಡಿ ಮೊದಲ ದಿನದಿಂದ ಹೊಸದರ ಪರ. "ನೋಡ್ರಿ, ಜಗತ್ತ ಮಾರ್ಚಿಗೆ ಹೋಗೇತಿ, ನಾವ ಇನ್ನೂ ಫೆಬ್ರವರಿಯೊಳಗ ಕುಂತೇವಿ" ಎಂದು ಪ್ರತಿ ಸಭೆಯಲ್ಲೂ ಅದೇ ಭಾಷಣ. ಎದುರು ಮನೆಯ ರೇಣವ್ವ ಬೆಳಿಗ್ಗೆ ಹೊಸದು ಬೇಕು ಅನ್ನುತ್ತಾಳೆ, ಸಂಜೆ ಬೇಡ ಅನ್ನುತ್ತಾಳೆ, ಒತ್ತಿ ಕೇಳಿದರೆ "ನಂದೇನೈತವಾ, ನಾಕ ಮಂದಿ ಹೆಂಗಂತಾರ ಹಂಗ" ಅನ್ನುತ್ತಾಳೆ. ಉಳಿದವರೂ ಆ ನಾಲ್ಕು ಮಂದಿಯನ್ನೇ ಕಾಯುತ್ತಿದ್ದರು. ಆ ನಾಲ್ವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸಾಲದ್ದಕ್ಕೆ ನಮ್ಮ ಪದ್ಧತಿ ಒಂದಿದೆ. ಇಲ್ಲಿ ಕೈ ಎತ್ತಿ ಒಪ್ಪುವುದಿಲ್ಲ. ನೀರಿಗಾಗಿ ಓಣಿ ಹೊಡೆದಾಡಿದ ವರ್ಷಗಳಿಂದ ಬಂದ ರೂಢಿ: ಸಭೆಗೆ ಬರುವ ಹಿರಿಯರೆಲ್ಲ ಮನೆಯಿಂದ ಒಂದು ತಂಬಿಗೆ ನೀರು ತರುತ್ತಾರೆ. ಒಪ್ಪಿಗೆಯಾದರೆ ಕುಡಿಯುವುದು, ಇಲ್ಲವಾದರೆ ತುಂಬಿದ ತಂಬಿಗೆಯನ್ನು ಮುಂದೆ ಹಾಗೇ ಇಡುವುದು. ಒಂದು ತಂಬಿಗೆ ತುಂಬಿ ಉಳಿದರೂ ಮಾತು ಮುಂದಿನ ಸಭೆಗೆ. ಕುಡಿದು ಮನೆಗೆ ಹೋಗಿ, ನೀರಡಿಕೆಯಾಗಿತ್ತು ಅದಕ್ಕೇ ಕುಡಿದೆ, ಒಪ್ಪಿಗೆ ಅಲ್ಲ ಎಂದು ಮರುದಿನ ಹೇಳಿಕಳಿಸುವ ಪುಣ್ಯಾತ್ಮರೂ ನಮ್ಮಲ್ಲಿದ್ದಾರೆ. ಹದಿನಾಲ್ಕು ಸಭೆಗಳಲ್ಲೂ ತಪ್ಪದೆ ತುಂಬಿ ಉಳಿದದ್ದು ನನ್ನ ತಂಬಿಗೆ ಮಾತ್ರ.

ನನ್ನ ಹಟಕ್ಕೆ ಕಾರಣ ನನ್ನ ಅವ್ವ, ನಿಮ್ಮ ಮೊಮ್ಮಗಳು. ನಿಮ್ಮ ಲೆಕ್ಕಕ್ಕೆ ಅವಳು ಇನ್ನೂ ಹುಟ್ಟಿಲ್ಲ, ಹುಟ್ಟಲು ನಾಲ್ಕು ವರ್ಷ ಇದೆ. ಅದ್ವಿಕಾ ಎಂದು ನೀವೇ ಹೆಸರಿಡುತ್ತೀರಂತೆ. ಈಗ ಅವಳಿಗೆ ಎಂಬತ್ತಾರು, ಓಣಿಯವರು ಅದ್ವಿಕವ್ವ ಅನ್ನುತ್ತಾರೆ. ಒಂಬತ್ತು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ತಿರುಚಿಕೊಂಡಿತು. ಬುದ್ಧಿ ಚುರುಕಾಗಿಯೇ ಇದೆ. ಬಾಯಿಂದ ಬರುವುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ನಮ್ಮ ಹಳೆಯ ಕಾರಭಾರಿ ಎರಡು ವರ್ಷ ಹಗಲೆಲ್ಲ ಕೇಳಿ ಕೇಳಿ ಅವಳ ಮಾತು ಕಲಿತ. ಅವಳೇನೋ ಗೊಣಗಿದರೆ ನೀರು ಬರುತ್ತದೆ, ಇನ್ನೇನೋ ಅಂದರೆ ಕಿಟಕಿ ತೆರೆಯುತ್ತದೆ, ನನಗೆ ಬೇಕಾದಾಗ ಅವಳ ಮಾತನ್ನು ಬಿಡಿಸಿಯೂ ಹೇಳುತ್ತಾನೆ. ಹಳೆಯವನು ಕಲಿತದ್ದು ಹೊಸಬನಿಗೆ ದಾಟುವುದಿಲ್ಲ ಎಂದು ಕಂಪನಿಯವರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಮೊದಲಿನಿಂದ ಕಲಿಯಬೇಕು, ಮತ್ತೆ ಎರಡು ವರ್ಷ. ಎಂಬತ್ತಾರರ ಜೀವಕ್ಕೆ ಎರಡು ವರ್ಷ ಕಾಯಿ ಎಂದು ಯಾವ ಬಾಯಲ್ಲಿ ಹೇಳಲಿ? ನನ್ನ ಅವ್ವನನ್ನು ಮೂಕಿ ಮಾಡಿ ಇವರಿಗೆ ಮಾರ್ಚ್ ತಿಂಗಳು ಬೇಕಾಗಿದೆ ಎಂದು ಉರಿಯುತ್ತಿದ್ದೆ.

ಹದಿನಾಲ್ಕನೆಯ ಸಭೆಯಲ್ಲಿ ಕಳಕಪ್ಪ ಮಾಸ್ತರರು ಒಂದು ಉಪಾಯ ತೆಗೆದರು. ಹೊಸ ಕಾರಭಾರಿಯನ್ನು ಒಂದೇ ಮನೆಗೆ ಹದಿನೈದು ದಿನ ಪುಕ್ಕಟೆ ಹಾಕಿ ನೋಡಲು ಕಂಪನಿಯವರು ಬಿಡುತ್ತಾರೆ. ಯಾರ ಮನೆ? ನೋಡಿಕೊಳ್ಳುವವಳು ನಾನು, ಆದ್ದರಿಂದ ನನ್ನ ಮನೆ ಎಂದು ಎಲ್ಲರೂ ಗೋಣು ಹಾಕಿದರು. ಅವ್ವನಿದ್ದಾಳೆ ಎಂಬುದು ಯಾರ ತಲೆಗೂ ಬರಲಿಲ್ಲ. ನನ್ನ ತಲೆಗೆ ಬಂತು, ನಾನು ಸುಮ್ಮನಿದ್ದೆ. ಮುತ್ತಜ್ಜ, ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ. ಅವ್ವ ಹದಿನೈದು ದಿನ ಒದ್ದಾಡುವುದನ್ನು ಓಣಿ ಕಣ್ಣಾರೆ ನೋಡಲಿ, ಆಮೇಲೆ ಯಾರೂ ಹತ್ತರ ಹೆಸರೆತ್ತುವುದಿಲ್ಲ ಎಂದು ಲೆಕ್ಕ ಹಾಕಿಯೇ ಸುಮ್ಮನಿದ್ದೆ. ಅವ್ವನನ್ನು ಒಂದು ಮಾತೂ ಕೇಳಲಿಲ್ಲ.

ಮೊದಲ ಮೂರು ದಿನ ನಾನು ಅಂದುಕೊಂಡಂತೆಯೇ ಆಯಿತು. ಅವಳು ನೀರು ಕೇಳಿದರೆ ಬಾಗಿಲು ತೆರೆಯಿತು. ದೀಪ ಆರಿಸು ಅಂದರೆ ಹೊಸ ಕಾರಭಾರಿ ತುಂಬ ನಯವಾಗಿ "ಕ್ಷಮಿಸಿ, ತಮ್ಮ ವಿನಂತಿ ಸ್ಪಷ್ಟವಾಗಲಿಲ್ಲ" ಅಂದ. ಅವ್ವ ಗೋಡೆಗಿವಿಗೆ ಚಮಚ ಎಸೆದಳು. ಬೇರೆ ದಾರಿಯಿಲ್ಲದೆ ಬೆಳಗಿನಿಂದ ಸಂಜೆಯವರೆಗೆ ಅವಳ ಮಂಚದ ಹತ್ತಿರ ನಾನೇ ಕುರ್ಚಿ ಹಾಕಿಕೊಂಡು ಕೂತೆ. ಇದಾ? ಅದಾ? ಹೊದಿಕೆಯಾ? ಹೊಟ್ಟೆನೋವಾ? ನೂರು ಸಲ ತಪ್ಪು ಹೇಳಿದೆ. ಎಂಟನೆಯ ದಿನದ ಹೊತ್ತಿಗೆ ನೀರಿಗೆ ಅವಳು "ತುಯ್ಯಾ" ಅನ್ನುವುದು ಗೊತ್ತಾಯಿತು. ಒಂದು ಮಧ್ಯಾಹ್ನ ಬಹಳ ಹೊತ್ತು ಏನೋ ಕಥೆ ಹೇಳಿದಳು. ಅದರಲ್ಲಿ ಒಂದು ಸೈಕಲ್ ಇತ್ತು ಎಂಬಷ್ಟು ನನಗೆ ತಿಳಿಯಿತು. ಹೇಳುತ್ತಾ ಹೇಳುತ್ತಾ ಅವಳ ಮೈ ಕುಲುಕುತ್ತಿತ್ತು. ಸಂಕಟವಾಗುತ್ತಿದೆ ಎಂದುಕೊಂಡು, ಸಭೆಯಲ್ಲಿ ಓದಬೇಕಾದ ದೂರಿನ ಪಟ್ಟಿಯಲ್ಲಿ ಅದನ್ನೂ ಸೇರಿಸಿದೆ. ಅವಳು ನಗುತ್ತಿದ್ದಳು ಎಂಬುದು ಈಗ ತಿಳಿಯುತ್ತಿದೆ.

ಹದಿನೈದನೆಯ ಸಭೆ ನಿನ್ನೆ ನಡೆಯಿತು. ಅವ್ವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಸಾಕ್ಷಿಯ ಹಾಗೆ ಕಟ್ಟೆಗೆ ಕರೆದೊಯ್ದೆ. ಹಿರಿಯಳಾದ್ದರಿಂದ ಅವಳ ತಂಬಿಗೆಯನ್ನೂ ತುಂಬಿ ತೊಡೆಯ ಮೇಲಿಟ್ಟೆ. ನನ್ನ ಪಟ್ಟಿ ಓದಿದೆ. ರೇಣವ್ವ ಕಣ್ಣೊರೆಸಿಕೊಂಡಳು, ಮಾಸ್ತರರು ತಲೆ ತಗ್ಗಿಸಿದರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವ್ವ ಎಡಗೈಯಿಂದ ತಂಬಿಗೆ ಎತ್ತಿ, ಅರ್ಧ ಸೀರೆಗೆ ಚೆಲ್ಲಿಕೊಂಡು, ಉಳಿದದ್ದನ್ನು ಪೂರ್ತಿ ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳಿದಳು. ಮತ್ತೆ ಹೇಳಿದಳು. ಮೂರನೆಯ ಸಲ ಜೋರಾಗಿ ಹೇಳಿದಳು. ಇಡೀ ಓಣಿ ನನ್ನ ಮುಖ ನೋಡಿತು. ನನಗೆ ಒಂದಕ್ಷರ ತಿಳಿಯಲಿಲ್ಲ. ಕಟ್ಟೆಯಲ್ಲಿ ಇನ್ನೂ ಹಳೆಯ ಕಾರಭಾರಿಯೇ ಇದ್ದ. ಒಂಬತ್ತು ವರ್ಷದ ಚಾಳಿ, ನಾನು ಅವ್ವನ ಕಡೆ ಬೆನ್ನು ಮಾಡಿ ಗೋಡೆಗಿವಿಯನ್ನು ಕೇಳಿದೆ, "ಏನಂತಾಳೋ?"

ಅವನು ಹೇಳಿದ: "ಅದ್ವಿಕಾ ಅವರು ಹೇಳಿದ್ದು, ನನ್ನ ಮಾತ ಗ್ವಾಡಿಗೆ ತಿಳದ್ರ ಏನ ಬಂತು, ನನ್ನ ಮಗಳಿಗೆ ತಿಳೀಬೇಕು."

ನಾನು ನಾಚಿಕೆಯಿಂದ ಸತ್ತೆ. ಸಿಟ್ಟೂ ಬಂತು, ಅವ್ವನ ಮೇಲಲ್ಲ, ಮಾಸ್ತರರ ಮೇಲೂ ಅಲ್ಲ. ಒಂಬತ್ತು ವರ್ಷ ಅವಳಿಗೆ ಏನೂ ಕಮ್ಮಿಯಾಗದ ಹಾಗೆ ನೋಡಿಕೊಂಡೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನೀರು ತಪ್ಪಲಿಲ್ಲ, ಔಷಧ ತಪ್ಪಲಿಲ್ಲ. ಅವಳ ಹತ್ತಿರ ಕೂತು ಒಂದು ಮಾತು ಕೇಳಿದ್ದು ಮಾತ್ರ ಈ ಹದಿನೈದು ದಿನ, ಅದೂ ಯಂತ್ರ ಕೈಕೊಟ್ಟಿದೆ ಎಂದು ಗೊಣಗುತ್ತಾ. ನನ್ನ ತಂಬಿಗೆ ಎತ್ತಿ ಗಟಗಟ ಕುಡಿದುಬಿಟ್ಟೆ. ನನ್ನ ಹಿಂದೆ ಉಳಿದ ತಂಬಿಗೆಗಳೂ ಖಾಲಿಯಾದವು. ಮಾಸ್ತರರಿಗೆ ಸಂತೋಷಪಡಲೂ ಧೈರ್ಯ ಬರಲಿಲ್ಲ.

ಸೋಮವಾರ ಹೊಸ ಕಾರಭಾರಿ ಇಡೀ ಓಣಿಗೆ ಬರುತ್ತಾನೆ. ಅಲ್ಲಿಯವರೆಗೆ ಅವ್ವ ಹೇಳಿದ್ದನ್ನೆಲ್ಲ ಹಳೆಯವನ ಹತ್ತಿರ ಕೇಳಿ ಬರೆದುಕೊಳ್ಳಬಹುದಲ್ಲ ಎಂದು ರೇಣವ್ವ ಅಂದಳು. ಕೇಳಿದೆ. ತುಯ್ಯಾ ಅಂದರೆ ನೀರು ಎಂದ. ನೀರಿಗೆ ತುಯ್ಯಾ ಯಾಕೆ ಎಂದರೆ ಅವನಿಗೆ ಗೊತ್ತಿಲ್ಲ, ಅವನಿಗೆ ಅದರ ಅಗತ್ಯವೂ ಇರಲಿಲ್ಲ. ನನಗೆ ಇದೆ. ಅದು ನೀರು ಎಂಬ ಮಾತು ತಿರುಚಿದ್ದಲ್ಲ ಎಂದು ಡಾಕ್ಟರು ಹೇಳುತ್ತಾರೆ. ಲಕ್ವಾ ಹೊಡೆದವರಿಗೆ ಎಳೆಯ ದಿನದ ಮಾತು ಮರಳಿ ಬರುವುದುಂಟಂತೆ. ಅವಳ ಎಳೆಯ ದಿನ ಕಂಡವರು ಈಗ ಯಾರೂ ಉಳಿದಿಲ್ಲ, ನಿಮ್ಮನ್ನು ಬಿಟ್ಟರೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಕೂಸು ಹುಟ್ಟಿ ತೊದಲಲು ಶುರು ಮಾಡಿದಾಗ, ಅಂಗಡಿಯ ಮುಂದೆ ಎಷ್ಟು ಗಿರಾಕಿಗಳು ಕಾಯುತ್ತಿದ್ದರೂ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿ. ನೀರಿಗೆ ಏನಂದಳು, ದೀಪಕ್ಕೆ ಏನಂದಳು, ಯಾವ ಮಾತಿಗೆ ನಕ್ಕಳು, ಸೈಕಲ್ಲಿನ ಕಥೆ ಏನು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು ನಿಮ್ಮ ಅಂಗಡಿಯ ಕಬ್ಬಿಣದ ಸಂದೂಕಿನಲ್ಲಿಡಿ. ಸಂದೂಕು ಇನ್ನೂ ನಮ್ಮ ಮನೆಯಲ್ಲಿದೆ. ಬೆಳಿಗ್ಗೆ ತೆಗೆದು ನೋಡಿದೆ, ಬರೀ ತುಕ್ಕು ಹಿಡಿದ ಸ್ಕ್ರೂಗಳು. ಈ ಪತ್ರ ಟಪಾಲಿಗೆ ಹಾಕಿ ಬಂದು ಮತ್ತೆ ತೆಗೆಯುತ್ತೇನೆ. ದಯವಿಟ್ಟು ನಾಳೆ ಬರೆದರಾಯಿತು ಅನ್ನಬೇಡಿ. ನಿಮಗೆ ತೊಂಬತ್ತು ವರ್ಷ ಸಮಯವಿದೆ, ನನಗೆ ಸೋಮವಾರದೊಳಗೆ ಬೇಕು.

ನಿಮ್ಮ ಮರಿಮಗಳು,
ನೀಲಗಂಗಾ ಮೊಬೈಲದ