ಪಾಠ ಮುಗಿಯುವವರೆಗೆ ನಿಂತ ರಾಗಿ ಮಿಷನ್

ಅಪ್ಪಾ,

ನಿನಗೆ ಬರೆಯುವ ಮುಖ ನನಗಿಲ್ಲ. ಆದರೂ ಈ ಸುದ್ದಿ ನನ್ನಿಂದಲೇ ನಿನಗೆ ತಿಳಿಯಲಿ ಎಂದು ಕೂತಿದ್ದೇನೆ. ನೀನು ಹೋದ ಮೇಲೆ ನನ್ನ ಬದುಕಿನ ಮೇಲೊಂದು ವೆಬ್ ಸೀರೀಸ್ ಬಂತು. ಕೆಲಸ ಹೋದ ಮೇಷ್ಟ್ರೊಬ್ಬ ಆನ್‌ಲೈನ್ ಪಾಠದ ಕಂಪನಿ ಕಟ್ಟಿದ ಕಥೆ. ಅದರಲ್ಲಿ ನೀನೂ ಇದ್ದೀಯ. ಹೇಗಿದ್ದೀಯ ಎಂದು ಹೇಳುವುದಕ್ಕೇ...

ಕೊರೊನಾದಲ್ಲಿ ಕುಣಿಗಲ್ಲಿನ ಶಾಲೆ ಮುಚ್ಚಿ, ನಾನು ಬ್ಯಾಗು ಹಿಡಿದು ಗುಬ್ಬಿಗೆ ಬಂದ ದಿನ ನಿನಗೆ ನೆನಪಿದೆಯಾ? ನೀನು ಅವತ್ತೇ ಚೀಲ ಇಡುತ್ತಿದ್ದ ಕೋಣೆ ಖಾಲಿ ಮಾಡಿ, ಗೋಡೆಗೆ ಬೋರ್ಡು ಹೊಡೆದುಕೊಟ್ಟೆ. ಗೋಡೆಯಾಚೆಗೇ ನಿನ್ನ ರಾಗಿ ಮಿಷನ್. ಅದು ಓಡಿದರೆ ನಾನು ವಿಡಿಯೋ ಮಾಡುವ ಗಣಿತ ಪಾಠ ಯಾರಿಗೂ ಕೇಳಿಸುತ್ತಿರಲಿಲ್ಲ. ನಾನು ಬಾಗಿಲು ಹಾಕಿಕೊಂಡರೆ ನೀನು ಮಿಷನ್ ನಿಲ್ಲಿಸುವುದು ಎಂದು ನೀನೇ ಪದ್ಧತಿ ಮಾಡಿದೆ. ಆಚೆ ರಾಗಿ ತಂದವರ ಗೊಣಗಾಟವೂ ನಿನ್ನ ಉತ್ತರವೂ ನನಗೆ ಬಾಗಿಲ ಸಂದಿಯಲ್ಲಿ ಕೇಳುತ್ತಿತ್ತು.

"ಹೊತ್ತಾಯ್ತು ಕಣಣ್ಣ, ಮುದ್ದೆಗೆ ಹಿಟ್ಟು ಬೇಡ್ವಾ?"

"ನಮ್ ಹುಡುಗ ಪಾಠ ಮಾಡ್ತಾವ್ನೆ. ಒಸಿ ಕೂತ್ಕೊ ಕಣ್ಲಾ."

ತುಮಕೂರಿನ ಸದಾಶಿವನಗರದ ನಮ್ಮ ಹೊಸ ಮನೆಗೆ ಆ ಸೀರೀಸ್ ಬರೆಯುವಾಕೆ ಬಂದ ದಿನ, ನಾನು ಇದನ್ನೆಲ್ಲ ಹೇಳಬೇಕಿತ್ತು. "ಸರ್, ನಿಮಗೆ ಅಡ್ಡ ನಿಂತೋರು ಯಾರು? ಕಥೆಗೆ ಒಬ್ರು ಬೇಕಲ್ಲ" ಎಂದು ಕೇಳಿದರು. ಯಾರೂ ನೆನಪಾಗಲಿಲ್ಲ. ಮಿಷನ್ ಸದ್ದು ಒಂದು ತೊಂದರೆಯಾಗಿತ್ತು ಎಂದೆ. ಮುಂದಿನ ಸಲ ಬಂದಾಗ ಅದೇ ಸದ್ದಿಗೆ ಉಪ್ಪು ಖಾರ ಹಚ್ಚಿ ತಂದಿದ್ದರು. ಮಗ ಪಾಠ ಶುರು ಮಾಡಿದೊಡನೆ ಅಪ್ಪ ಬೇಕೆಂದೇ ಮಿಷನ್ ಹಾಕುತ್ತಾನೆ. "ಓಕೆ ತಾನೆ ಸರ್?" ಎಂದರು. ನನ್ನ ಪಾತ್ರ ಯಾರು ಮಾಡುತ್ತಾರೆ ಎಂಬುದರಲ್ಲೇ ನನ್ನ ಜೀವವಿತ್ತು. "ಹಾಕಿ, ಅಷ್ಟು ಇರ್ಲಿ ಬಿಡಿ" ಎಂದುಬಿಟ್ಟೆ. ಸತ್ತವರು ತಕರಾರು ತೆಗೆಯುವುದಿಲ್ಲವಲ್ಲ, ಅಪ್ಪ.

ಮೊನ್ನೆ ಭಾನುವಾರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಪರದೆಯ ಮೇಲೆ ನಿನ್ನಂತೆಯೇ ಟವೆಲ್ ಸುತ್ತಿಕೊಂಡವನೊಬ್ಬ ಸೀಮೆಸುಣ್ಣದ ಡಬ್ಬಿ ಬೀದಿಗೆಸೆದು ಮಿಷನ್ ಹಾಕಿದ. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

"ಅವ್ರು ನಿಲ್ಲುಸ್ತಿದ್ರು ಕಣೋ. ಹಾಕ್ತಿರ್ಲಿಲ್ಲ."

ಅಷ್ಟೇ ಅವಳು ಹೇಳಿದ್ದು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅಂದಿನಿಂದ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಗುಬ್ಬಿಗೆ ಹೋಗಿಬರೋಣ ಬಾ ಎಂದರೆ, "ಅಲ್ಲಿ ಯಾರ್‌ಗೆ ಮುಖ ತೋರಿಸ್ಲಿ?" ಎನ್ನುತ್ತಾಳೆ. ಇಂಥ ಅಪ್ಪ ಶತ್ರುವಿಗೂ ಬೇಡ ಎಂದು ಜನ ಸೀರೀಸಿನ ಕೆಳಗೆ ಕಾಮೆಂಟು ಬರೆಯುತ್ತಿದ್ದಾರೆ, ಅದರ ಪಕ್ಕದಲ್ಲೇ ನನಗೆ ಚಪ್ಪಾಳೆ. ಆ ದೃಶ್ಯ ತೆಗೆದುಹಾಕಿ ಎಂದು ಸೀರೀಸ್ ಬರೆದಾಕೆಗೆ ಫೋನು ಮಾಡಿದೆ. ಎಲ್ಲರಿಗೂ ಹಿಡಿಸಿರುವುದೇ ಅದು ಸರ್, ನೀವೇ ಒಪ್ಪಿದ್ದಿರಲ್ಲ ಎಂದರು. ಹತ್ತಿದ ಏಣಿಯನ್ನು ಒದ್ದವನು ನಾನೇ.

ನಿನ್ನೆ ಆ ಚೀಲದ ಕೋಣೆಯಲ್ಲಿ ತೆಗೆದ ಹಳೆಯ ವಿಡಿಯೋಗಳನ್ನು ಹುಡುಕಿದೆ, ಕತ್ತರಿಸುವ ಮೊದಲಿನವು. ಪ್ರತಿ ಪಾಠದ ಕೊನೆಗೆ ಬಾಗಿಲಾಚೆಯಿಂದ ನಿನ್ನ ದನಿ: "ಮುಗೀತೇನ್ಲಾ? ಮಿಷನ್ ಹಾಕ್ಲಾ?" ಮಕ್ಕಳು ನಗುತ್ತಾರೆಂದು ಅದನ್ನು ಪ್ರತಿ ಸಲವೂ ಕತ್ತರಿಸಿ ಹಾಕುತ್ತಿದ್ದೆ. ಸೀರೀಸಿನವರು ನಿನ್ನ ತಂಟೆಗೆ ಬರುವ ಎಷ್ಟೋ ಮುಂಚೆಯೇ ನಾನು ನಿನ್ನನ್ನು... ನನಗೆ ನಾಚಿಕೆಯಾಗುತ್ತದೆ, ಅಪ್ಪ.

ಇವತ್ತು ಬೆಳಿಗ್ಗೆ ಅವನ್ನೆಲ್ಲ ಕತ್ತರಿಸದೆ ಹಾಗೇ ಆನ್‌ಲೈನ್‌ನಲ್ಲಿ ಹಾಕಿದ್ದೇನೆ. ನಮ್ಮಪ್ಪ ಮಿಷನ್ ನಿಲ್ಲಿಸಿದ್ದಕ್ಕೇ ಈ ಪಾಠಗಳು ಆದವು, ಆ ದೃಶ್ಯ ಸುಳ್ಳು, ಒಪ್ಪಿದ್ದು ನಾನೇ ಎಂದು ಮೇಲೆ ನನ್ನ ಹೆಸರಿನಲ್ಲೇ ಬರೆದಿದ್ದೇನೆ. ಒಂದು ವಿಡಿಯೋವನ್ನು ಅಮ್ಮನಿಗೂ ತೋರಿಸಿದೆ. ಗಣಿತ ಅವಳಿಗೇನು ಅರ್ಥವಾಗಬೇಕು, ಆದರೂ ಕೊನೆಯವರೆಗೆ ಕೂತಿದ್ದಳು. ನಿನ್ನ ದನಿ ಬಂತು. ವಿಡಿಯೋದಲ್ಲಿ ನಾನು ಉತ್ತರ ಕೊಡದೆ ಕ್ಯಾಮೆರಾ ಆರಿಸಿಬಿಡುತ್ತೇನೆ. ಅಮ್ಮ ಖಾಲಿ ಪರದೆಯಿಂದ ನನ್ನ ಕಡೆ ತಿರುಗಿದಳು.

"ಹೂಂ ಅನ್ನೋ. ಕೇಳ್ತಾವ್ರಲ್ಲ, ಪಾಪ."

ಮುಗೀತಪ್ಪ. ಮಿಷನ್ ಹಾಕು.